ಹುಡುಕುವುದಕ್ಕೂ ಕೂಲಿ ಬೇಕು

ಬೆಳಿಗ್ಗೆ ಸೆಲ್ಫ್ ಎಳೆಯದ ಕಾರು ಮಧ್ಯಾಹ್ನ ಕೀಲಿ ತಿರುಗಿಸಿದೊಡನೆ ಸ್ಟಾರ್ಟ್ ಆಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಹೊತ್ತಿಕೊಂಡ ಎಂಜಿನ್ ದೀಪ, ಹನೂರು ದಾಟಿ ಕೊಳ್ಳೇಗಾಲದ ವರ್ಕ್‌ಶಾಪು ಮುಟ್ಟುವಷ್ಟರಲ್ಲಿ ಆರಿಹೋಗಿರುತ್ತದೆ. ಇಂಥ ಹಟಮಾರಿ ದೋಷ ಎದುರಾದಾಗ ನಮ್ಮ ಕಡೆ ನಡೆಯುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಮೊದಲು ಬ್ಯಾಟರಿ ಬದಲು, ಹೋಗದಿದ್ದರೆ ಡೈನಮೊ, ಅದಕ್ಕೂ ಜಗ್ಗದಿದ್ದರೆ ಒಂದು ಸೆನ್ಸರ್, ಕೊನೆಗೆ ‘ಇಸಿಎಂ (ಎಂಜಿನ್ನಿನ ಕಂಪ್ಯೂಟರು) ಹೋಗಿರಬೇಕು’ ಎಂಬ ಮಾತು. ಇದನ್ನು ರಿಪೇರಿ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಆದರೆ ಇದಕ್ಕೆ ಮೆಕ್ಯಾನಿಕ್ಕಿನ ಅಜ್ಞಾನವೇ ಕಾರಣ ಎಂಬ ಮಾತನ್ನೂ ಒಪ್ಪುವುದಿಲ್ಲ. ಸಾಮಾನಿಗೆ ದುಡ್ಡು ಕೊಡುವ ನಾವು ಹುಡುಕುವ ಕೆಲಸಕ್ಕೆ ಕೊಡುವುದಿಲ್ಲ. ಹೀಗಿರುವಾಗ ಸಾಮಾನು ಬದಲಾಗುತ್ತದೆಯೇ ಹೊರತು ಹುಡುಕಾಟ ನಡೆಯುವುದಿಲ್ಲ.

ಸೆಲ್ಫ್ ಎಳೆಯದಿರುವ ತೊಂದರೆಯನ್ನೇ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ನಿಂತಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ತಿರುಗಿಸುವಾಗ ಸೆಲ್ಫ್ ಮೋಟಾರು 150 ಆಂಪಿಯರ್ ಎಳೆಯಿತು ಎಂದಿಟ್ಟುಕೊಳ್ಳೋಣ. ಬ್ಯಾಟರಿಯಿಂದ ಎಂಜಿನ್ನಿಗೆ ಹೋಗುವ ಅರ್ತ್ ಕೇಬಲ್ಲಿನ ತುದಿ ಹಸಿರುಗಟ್ಟಿ, ಒಂದು ಓಮ್‌ನ ನೂರನೇ ಒಂದು ಪಾಲು ರೋಧ ಹುಟ್ಟಿಕೊಂಡರೂ ಅಲ್ಲೇ ಒಂದೂವರೆ ವೋಲ್ಟ್ ಸೋರಿಹೋಗುತ್ತದೆ. ಮೀಟರನ್ನು ಓಮ್ ಗುರುತಿಗಿಟ್ಟು ಆ ಕೇಬಲ್ಲನ್ನು ಅಳೆದರೆ ದೋಷ ಕಾಣುವುದೇ ಇಲ್ಲ, ಏಕೆಂದರೆ ಮೀಟರಿನ ಕಡ್ಡಿ ತಂತಿಗಳದ್ದೇ ಅದಕ್ಕಿಂತ ಹೆಚ್ಚು ರೋಧವಿರುತ್ತದೆ. ನಲ್ಲಿ ಮುಚ್ಚಿದ್ದಾಗ ಅರ್ಧ ಕಟ್ಟಿಕೊಂಡ ಪೈಪಿನಲ್ಲೂ ತೊಂಬೆಯ ಒತ್ತಡ ಪೂರ್ತಿ ಇರುತ್ತದೆ. ನಲ್ಲಿ ತಿರುಗಿಸಿದಾಗ ಮಾತ್ರ ನೀರು ಸಣ್ಣಗಾಗುವುದು ತಿಳಿಯುತ್ತದೆ. ಹಾಗಾಗಿ ಅಳೆಯಬೇಕಾದ್ದು ಕರೆಂಟು ಹರಿಯುತ್ತಿರುವಾಗ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಮೈಮೇಲೆ ಇಟ್ಟು ಸೆಲ್ಫ್ ಹೊಡೆಯಬೇಕು. ಕಾಲು ವೋಲ್ಟಿಗಿಂತ ಗಣನೀಯವಾಗಿ ಹೆಚ್ಚು ತೋರಿಸಿದರೆ ಮೊದಲು ನೋಡಬೇಕಾದ್ದು ಬ್ಯಾಟರಿಯನ್ನಲ್ಲ, ಅರ್ತ್ ದಾರಿಯನ್ನು. ಇಬ್ಬರಿದ್ದರೆ ಎರಡು ನಿಮಿಷದ ಕೆಲಸ. ಈ ಎರಡು ನಿಮಿಷ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಬ್ಯಾಟರಿ ಹಾಕಿಸುವುದು ಅನ್ಯಾಯ.

ಇಲ್ಲಿ ಹಳೆಯ ಎಲೆಕ್ಟ್ರಿಷಿಯನ್ನರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರ ಟೆಸ್ಟ್ ಲ್ಯಾಂಪ್ ಕಂಡು ಮೂಗು ಮುರಿಯುವವರಿದ್ದಾರೆ. ಆದರೆ ಡಿಜಿಟಲ್ ಮೀಟರು ತಾನು ಹೆಚ್ಚುಕಡಿಮೆ ಕರೆಂಟೇ ಎಳೆಯುವುದಿಲ್ಲವಾದ್ದರಿಂದ, ಒಂದೇ ಎಳೆ ಉಳಿದ ತಂತಿಯಲ್ಲೂ 12 ವೋಲ್ಟ್ ಎಂದೇ ತೋರಿಸುತ್ತದೆ. ಬಲ್ಬು ಹಾಗಲ್ಲ. ಉರಿಯಲು ಅದಕ್ಕೆ ಕರೆಂಟು ಬೇಕು, ದಾರಿ ಕೆಟ್ಟಿದ್ದರೆ ಮಂಕಾಗುತ್ತದೆ. ಹೆಡ್‌ಲೈಟಿನ 55 ವ್ಯಾಟ್ ಬಲ್ಬನ್ನೇ ಸಿಕ್ಕಿಸಿ ನೋಡಿದರೆ ನಾಲ್ಕೂವರೆ ಆಂಪಿಯರಿನಷ್ಟು ಹೊರೆ ಬಿದ್ದು ಇಲಿ ಕಡಿದ ತಂತಿಯ ಸತ್ಯ ಹೊರಬೀಳುತ್ತದೆ. ದೀಪ, ಹಾರ್ನ್, ಫ್ಯಾನ್, ಪಂಪಿನ ತಂತಿಗಳಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಬೇಡ. ಆದರೆ ಇಸಿಎಂನ ಸಣ್ಣ ತಂತಿಗಳಿಗೆ, ಅದಕ್ಕಿಂತ ಮುಖ್ಯವಾಗಿ ಏರ್‌ಬ್ಯಾಗಿನ ತಂತಿಗಳಿಗೆ, ಇದನ್ನು ಮುಟ್ಟಿಸಲೇಬಾರದು. ಕೈಗುಣಕ್ಕೂ ಇಲ್ಲೊಂದು ಗಡಿ ಇದೆ, ಅದನ್ನು ಹಳಬರು ಒಪ್ಪಿಕೊಳ್ಳಬೇಕು.

ನಿಲ್ಲಿಸಿಟ್ಟ ಕಾರಿನ ಬ್ಯಾಟರಿ ಇಳಿಯುವುದು ಇನ್ನೊಂದು ಗೋಳು. ಯಳಂದೂರಿನಂಥ ಊರಲ್ಲಿ ವಾರಕ್ಕೊಮ್ಮೆ ಮಾತ್ರ ತೆಗೆಯುವ ಮನೆ ಕಾರುಗಳಿಗೆ ಇದು ಹೆಚ್ಚು. ಬೀಗ ಹಾಕಿದ ಕಾರು 50 ಮಿಲಿ ಆಂಪಿಯರಿನವರೆಗೆ ಎಳೆಯುವುದು ಸಹಜ. ದಿನಕ್ಕೆ 1.2 ಆಂಪಿಯರ್-ಗಂಟೆ, 35 ಆಂಪಿಯರ್-ಗಂಟೆಯ ಬ್ಯಾಟರಿ ವಾರಗಟ್ಟಲೆ ತಾಳುತ್ತದೆ. ಅದೇ ಅರ್ಧ ಆಂಪಿಯರ್ ಸೋರಿದರೆ ಮೂರನೇ ದಿನಕ್ಕೆ ಬರಿದು. ಸೋರಿಕೆ ಹುಡುಕಲು ಒಂದೊಂದೇ ಫ್ಯೂಸ್ ಕಿತ್ತು ನೋಡುವುದು ರೂಢಿ. ಇಂದಿನ ಕಾರಿನಲ್ಲಿ ಇದು ದಾರಿ ತಪ್ಪಿಸುತ್ತದೆ. ಬಾಗಿಲು ತೆರೆದರೆ, ಫ್ಯೂಸ್ ಕಿತ್ತು ಹಾಕಿದರೆ ಒಳಗಿನ ಮಾಡ್ಯೂಲುಗಳು ಎಚ್ಚರಗೊಂಡು ಕರೆಂಟು ಎಳೆಯತೊಡಗುತ್ತವೆ. ಮತ್ತೆ ಮಲಗಲು ಕೆಲವಕ್ಕೆ ಅರ್ಧ ಗಂಟೆಯೂ ಬೇಕು. ಬಾಗಿಲಿನ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿ, ಕಾರು ಮಲಗುವವರೆಗೆ ಕಾದು, ಫ್ಯೂಸ್ ಕೀಳದೆ ಅದರ ಬೆನ್ನಿನ ಎರಡು ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯುವುದೇ ಸರಿಯಾದ ಕ್ರಮ. ಯಾವ ಫ್ಯೂಸಿನಲ್ಲಿ ಸೊನ್ನೆಯಲ್ಲದ ಅಂಕಿ ಬರುತ್ತದೋ ಆ ದಾರಿಯಲ್ಲಿ ಕರೆಂಟು ಹರಿಯುತ್ತಿದೆ.

‘ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುತ್ತದೆ’ ಎಂಬುದು ಮೊದಲ ಆಕ್ಷೇಪ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಸ್ಕ್ಯಾನರ್ ಇಲ್ಲದೆ ಕೆಲಸ ಸಾಗದು, ನಿಜ. ಆದರೆ ಪಿ0340 ಎಂಬ ಕೋಡ್ ಹೇಳುವುದು ಕ್ಯಾಮ್‌ಶಾಫ್ಟ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದೇ ಹೊರತು ಸೆನ್ಸರ್ ಸತ್ತಿದೆ ಎಂದಲ್ಲ. ತಂತಿ, ಕಪ್ಲರ್, ಅರ್ತ್, ಇಸಿಎಂ ಎಲ್ಲವೂ ಆ ಸರ್ಕ್ಯೂಟಿಗೆ ಸೇರಿದವು. ಕೋಡ್ ಓದಿದೊಡನೆ ಸೆನ್ಸರ್ ತರಿಸುವವರು ಹುಡುಕಾಟ ಶುರುವಾಗಬೇಕಾದ ಜಾಗದಲ್ಲೇ ಅದನ್ನು ಮುಗಿಸಿಬಿಡುತ್ತಾರೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ‘ಬದಲಾಯಿಸಿದ ಮೇಲೆ ಸರಿಹೋಯಿತಲ್ಲ!’ ಹೌದು, ಅನೇಕ ಸಲ ಹೋಗುತ್ತದೆ. ಆಯುಸ್ಸು ಮುಗಿದ ಬ್ಯಾಟರಿಯನ್ನು, ಲೋಡ್ ಕೊಟ್ಟು ಪರೀಕ್ಷಿಸಿ, ತೆಗೆದುಹಾಕುವುದು ಸರಿಯೇ. ಆದರೆ ಹೊಸ ಬ್ಯಾಟರಿ ಕೂರಿಸುವಾಗ ಟರ್ಮಿನಲ್ಲನ್ನು ಉಜ್ಜಿ ಬಿಗಿ ಮಾಡುತ್ತಾರೆ. ಹೊಸ ಸೆನ್ಸರ್ ಹಾಕುವಾಗ ಕಪ್ಲರ್ ಬಿಚ್ಚಿ ಮತ್ತೆ ಒತ್ತುತ್ತಾರೆ, ಪಿನ್ನುಗಳ ಕಿಲುಬು ತಾನಾಗಿ ಕೆರೆದುಹೋಗುತ್ತದೆ. ಸರಿಮಾಡಿದ್ದು ಆ ಉಜ್ಜುವಿಕೆ, ಹೆಸರು ಮಾತ್ರ ಹೊಸ ಸಾಮಾನಿಗೆ. ಬೆಟ್ಟದ ರಸ್ತೆಯ ಅದುರಾಟದಲ್ಲಿ ತಿಂಗಳೊಪ್ಪತ್ತಿಗೆ ಅದೇ ಸಡಿಲ ಮರಳಿ ಬಂದಾಗ, ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ ಎಂಬ ಅಂಗಡಿಯ ಬೋರ್ಡು ಮಾಲೀಕನನ್ನು ಎದುರುಗೊಳ್ಳುತ್ತದೆ. ಹಳೆಯದನ್ನು ಮತ್ತೆ ಹಾಕಿ ನೋಡಿದಾಗ ದೋಷ ಮರುಕಳಿಸಿದರೆ ಮಾತ್ರ ಆ ಸಾಮಾನು ಕೆಟ್ಟಿತ್ತು ಎನ್ನಬಹುದು. ಅಷ್ಟು ಮಾಡುವವರು ಅಪರೂಪ.

‘ಹನೂರು, ಲೊಕ್ಕನಹಳ್ಳಿಯಿಂದ ಬಂದವರು ಗಾಡಿ ಬಿಟ್ಟುಹೋಗುತ್ತಾರೆಯೇ? ಬಾಡಿಗೆ ತಪ್ಪುತ್ತದೆ’ ಎನ್ನುವ ಮೆಕ್ಯಾನಿಕ್ಕಿನ ಮಾತಿನಲ್ಲಿ ನ್ಯಾಯವಿದೆ. ಅವರ ಕೈಯಲ್ಲಿ ವೈರಿಂಗ್ ನಕ್ಷೆಯೂ ಸುಲಭಕ್ಕೆ ಸಿಗುವುದಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧ ಆದೇಶ ಹೊರಡಿಸಿದ್ದು, ಬಿಡಿಭಾಗ ಮತ್ತು ಪರೀಕ್ಷಾ ಉಪಕರಣಗಳನ್ನು ಸ್ವತಂತ್ರ ವರ್ಕ್‌ಶಾಪುಗಳಿಗೆ ದಕ್ಕದಂತೆ ಮಾಡಿದ್ದಕ್ಕೇ. ನಕ್ಷೆಯಿಲ್ಲದೆ ತಂತಿಯ ಬಣ್ಣ ನೋಡಿ ದಾರಿ ಹಿಡಿಯುವವನಿಗೆ ಅರ್ಧ ದಿನ ಹಿಡಿದರೆ ಆ ಅರ್ಧ ದಿನಕ್ಕೆ ಬೆಲೆ ಇರಬೇಕು. ಕೊನೆಗೆ ಸಿಕ್ಕಿದ್ದು ಸಡಿಲಾದ ಒಂದು ಬೋಲ್ಟು ಎಂದಾಗ ‘ಇಷ್ಟಕ್ಕೆ ಐನೂರಾ?’ ಎಂದು ಜಗಳ ತೆಗೆಯುವವರು, ಅದೇ ಮನುಷ್ಯ ಬೇಡದ ಡೈನಮೊ ಹಾಕಿದ್ದರೆ ಹತ್ತು ಪಟ್ಟು ಕೊಟ್ಟು ಸುಮ್ಮನೆ ಹೋಗುತ್ತಾರೆ. ಈ ಲೆಕ್ಕವೇ ಒಳ್ಳೆಯ ಕೆಲಸಗಾರನನ್ನು ಕೆಡಿಸುತ್ತಿರುವುದು.

ಆದ್ದರಿಂದ ಗಾಡಿ ಬಿಡುವ ಮುನ್ನ ಹುಡುಕುವ ಕೂಲಿ ಎಷ್ಟೆಂದು ಬೇರೆಯಾಗಿ ಮಾತಾಡಿಕೊಳ್ಳಿ. ದೋಷ ಯಾವಾಗ, ಎಂಥ ರಸ್ತೆಯಲ್ಲಿ, ಬಿಸಿಗೋ ಮಳೆಗೋ ಬರುತ್ತದೆ ಎಂದು ಬರೆದು ಕೊಡಿ. ಯಾವುದೇ ಸಾಮಾನು ಬದಲಿಸುವ ಮುನ್ನ ಅದು ಕೆಟ್ಟಿದೆ ಎಂದು ತೋರಿಸಿದ ಅಳತೆಯನ್ನು ಕೇಳಿ. ಅಳತೆ ತೋರಿಸಿದವರಿಗೆ, ಸಿಕ್ಕಿದ್ದು ಒಂದು ಬೋಲ್ಟೇ ಆದರೂ, ಚೌಕಾಸಿ ಮಾಡದೆ ಹಣ ಕೊಡಿ.