ಹಾಸಿದವನು ಯಾರು, ಹಾಸಿಸಿದವನು ಯಾರು?

2005ರಲ್ಲಿ ಇಸ್ರೇಲಿನ ಮೆಗಿದ್ದೋ ಜೈಲಿನ ಆವರಣದಲ್ಲಿ ಹೊಸ ಕಟ್ಟಡಕ್ಕೆಂದು ನೆಲ ಅಗೆಯುವಾಗ ಮೊಸಾಯಿಕ್ ನೆಲವೊಂದು ಬೆಳಕಿಗೆ ಬಂತು. ಸುಮಾರು 54 ಚದರ ಮೀಟರಿನದು. ಅಗೆದವರ ಲೆಕ್ಕದಲ್ಲಿ ಕ್ರಿ.ಶ. 230ರ ಆಸುಪಾಸಿನ ಪ್ರಾರ್ಥನಾ ಕೋಣೆ. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಕೈಹಿಡಿಯಲು ಇನ್ನೂ ಎಂಬತ್ತು ವರ್ಷ ಬಾಕಿ. ನೆಲದಲ್ಲಿ ಮೂರು ಗ್ರೀಕ್ ಬರಹಗಳಿವೆ.

ಎಲ್ಲರೂ ಮೊದಲು ಓಡುವುದು ಅಕೆಪ್ತೂಸ್ ಎಂಬ ಹೆಂಗಸಿನ ಬರಹದ ಬಳಿಗೆ. 'ದೈವಪ್ರಿಯೆ' ಅಕೆಪ್ತೂಸ್ ದೇವರಾದ ಯೇಸು ಕ್ರಿಸ್ತನಿಗೆ ನೆನಪಿನ ಕಾಣಿಕೆಯಾಗಿ ಮೇಜು ಅರ್ಪಿಸಿದಳಂತೆ. ದೇವರು, ಯೇಸು, ಕ್ರಿಸ್ತ: ಒಂದೊಂದಕ್ಕೂ ಎರಡೇ ಅಕ್ಷರ, ತಲೆಯ ಮೇಲೊಂದು ಗೆರೆ. 'ಅರ್ಪಿಸಿದಳು' ಎಂಬ ಗ್ರೀಕ್ ಪದದ ಕಾಗುಣಿತ ಮಾತ್ರ ತಪ್ಪಿದೆ. ಬಾಯಿಗೆ ಬಂದಂತೆ ಬರೆದದ್ದು. ನನಗಂತೂ ಆ ತಪ್ಪೇ ಇಷ್ಟ, ಅದರಲ್ಲೊಂದು ದನಿ ಕೇಳಿಸುತ್ತದೆ.

ಆದರೂ ನನ್ನ ಕಣ್ಣು ಕೀಲಿಸುವುದು ಉತ್ತರದ ಬರಹದಲ್ಲಿ. ಪೋರ್ಫಿರಿಯಸ್ ಎಂದೂ ಹೆಸರಿದ್ದ ಗಾಯಾನುಸ್, ರೋಮನ್ ಸೇನೆಯ ಶತಾಧಿಪತಿ, 'ನಮ್ಮ ಸಹೋದರ', ಸ್ವಂತ ಹಣದಲ್ಲಿ ಉದಾರವಾಗಿ ಹರಳು ಹಾಸಿದ ಎನ್ನುತ್ತದೆ ಗ್ರೀಕು. ಕನ್ನಡಕ್ಕೆ ತರುವಾಗ 'ಹಾಸಿಸಿದ' ಎನ್ನದೆ ವಿಧಿಯಿಲ್ಲ. ನಮ್ಮ ಶಾಸನಗಳ 'ಮಾಡಿಸಿದ'ದಲ್ಲಿರುವ ಆ 'ಇಸು' ದುಡ್ಡು ಕೊಟ್ಟವನನ್ನು ಕೈ ಹಚ್ಚಿದವನಿಂದ ಬೇರೆ ಮಾಡಿಬಿಡುತ್ತದೆ. ಗ್ರೀಕಿನಲ್ಲಿ ಹಾಗಿಲ್ಲ. ಹರಳು ಹಾಸುವ ಕ್ರಿಯಾಪದ ಪೂರ್ತಿ ಶತಾಧಿಪತಿಗೇ ಸಂದಿದೆ. ಕೊನೆಯಲ್ಲಿ ಎರಡೇ ಪದ: ಬ್ರೂಟಿಯಸ್ ಕೆಲಸ ಮಾಡಿದ. ಮಂಡಿಯೂರಿ ಕೂತು ಹರಳು ಜೋಡಿಸಿದವನಿಗೆ ಉಳಿದದ್ದು ಬರೀ 'ಕೆಲಸ'! ತನ್ನ ಹೆಸರನ್ನೂ ತಾನೇ ಜೋಡಿಸಿಕೊಂಡಿರಬೇಕು ಪಾಪ.

ಮೂರನೆಯದರಲ್ಲಿ ಪ್ರಿಮಿಲ್ಲಾ, ಕಿರಿಯಾಕಾ, ದೊರೊಥಿಯಾ, ಕ್ರೆಸ್ತೆ ಎಂಬ ನಾಲ್ವರು ಹೆಂಗಸರನ್ನು ನೆನೆಯಿರಿ ಎಂದಿದೆ. ಏನು ಕೊಟ್ಟರೆಂದು ಹೇಳಿಲ್ಲ.

ಮುನ್ನೂರು ವರ್ಷ ಮುಂದೆ ಬನ್ನಿ. ಜೋರ್ಡಾನಿನ ನೆಬೋ ಬೆಟ್ಟದ ಚರ್ಚಿನಲ್ಲಿ 530ರ ನೆಲವೊಂದಿದೆ. ಕುರುಬ, ಬೇಟೆಗಾರ, ಸಿಂಹಗಳ ಚಿತ್ರಗಳಿಗೇ ಅದು ಹೆಸರುವಾಸಿ. ಅಲ್ಲಿನ ಬರಹದಲ್ಲಿ ಸೋಯೆಲೊಸ್, ಕಾಯೂಮೊಸ್, ಎಲಿಯಾಸ್ ಎಂಬ ಮೂವರಿಗೆ 'ಹರಳು ಇಡುವವರು' ಎಂಬ ಕಸುಬಿನ ಹೆಸರೇ ಸಿಕ್ಕಿದೆ. ಅವರನ್ನೂ ಅವರ ಮನೆಯವರೆಲ್ಲರನ್ನೂ ನೆನೆಯಬೇಕೆಂದು ಅಲ್ಲಿ ಕೇಳಿಕೊಂಡಿರುವುದು ಕರ್ತನನ್ನು. ಮನುಷ್ಯರು ಅದನ್ನು ಓದಿದ್ದು ಕೆಲವೇ ದಶಕ. ಆರನೆಯ ಶತಮಾನ ಮುಗಿಯುವಷ್ಟರಲ್ಲಿ ಅದರ ಮೇಲೆ ಮಣ್ಣು ತುಂಬಿ ಇನ್ನೊಂದು ಮೊಸಾಯಿಕ್ ನೆಲ ಹಾಸಿದರು. ಆ ಮೇಲಿನ ನೆಲವನ್ನು ಎತ್ತಿದ್ದು 1976ರಲ್ಲಿ.