ಕಾಯಿಸುವ ಗದ್ಯ

ಜಾಲತಾಣದಲ್ಲಿ ಜಾಹೀರಾತಿಗೆ ಎಡೆಗೊಟ್ಟು ಹಣ ಗಳಿಸುವ ಉದ್ಯಮಕ್ಕೆ ನಮ್ಮಲ್ಲಿ ಈಚಿನ ವರ್ಷಗಳಲ್ಲಿ ಪ್ರಾಪ್ತವಾಗಿರುವ ಕೀರ್ತಿಯು ಅದರ ಯೋಗ್ಯತೆಯನ್ನು ಬಹುದೂರ ಮೀರಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯಲ್ಲಿಯೇ ಕುಳಿತು, ಯಾವ ಸಂಪಾದಕನ ಹಂಗಿಗೂ ಯಾವ ಪ್ರಕಾಶಕನ ಮರ್ಜಿಗೂ ಒಳಗಾಗದೆ, ತನಗೆ ಪ್ರಿಯವಾದ ವಿಷಯವನ್ನು ತನ್ನ ನುಡಿಯಲ್ಲಿ ಬರೆಯುತ್ತ ಹೋದರೆ ಓದುಗರು ತಾವಾಗಿ ಬರುವರು, ಅವರ ಬೆನ್ನಿಗೆ ಜಾಹೀರಾತು ಬರುವುದು, ತಿಂಗಳು ತಿಂಗಳಿಗೂ ಡಾಲರಿನ ಲೆಕ್ಕದಲ್ಲಿ ಹಣ ಖಾತೆಗೆ ಸೇರುವುದು ಎಂಬ ಭರವಸೆಯನ್ನು ಬರೆವಣಿಗೆಯ ಸ್ವಾತಂತ್ರ್ಯದ ಸನ್ನದೆಂದೇ ಕೊಂಡಾಡುವವರು ವಿಮರ್ಶಕರಲ್ಲಿಯೂ ಉಂಟು. 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ತಾಣದ ನೆತ್ತಿಯ ಮೇಲೆ ಎಟಿ ಅಂಡ್ ಟಿ ಕಂಪನಿಯ ಜಾಹೀರಾತು ಪಟ್ಟಿ ಕಾಣಿಸಿಕೊಂಡುದು ಮೊದಲ್ಗೊಂಡು ಈ ಉದ್ಯಮ ನಡೆದುಬಂದ ಹಾದಿ ಓದುಗರಿಗೆ ಪರಿಚಿತವೇ ಆದುದರಿಂದ ಅದನ್ನು ವಿಸ್ತರಿಸುವುದಿಲ್ಲ. ನನ್ನ ವಿಚಾರಕ್ಕೆ ವಿಷಯವಾದದ್ದು ಗೂಗಲ್ ಸಂಸ್ಥೆಯು 2003ರಲ್ಲಿ ಹೊರತಂದ ಆಡ್‌ಸೆನ್ಸ್ ಎಂಬ ಏರ್ಪಾಡು. ಅದರಲ್ಲಿಯೂ, ಆ ಏರ್ಪಾಡಿನ ಆಶ್ರಯದಲ್ಲಿ ಬೆಳೆದ ಕನ್ನಡ ಗದ್ಯ.

ಗುಣವನ್ನು ಮೊದಲು ಹೇಳುವುದು ನ್ಯಾಯ. ಆಡ್‌ಸೆನ್ಸ್‌ಗೆ ಮುನ್ನ ಸಣ್ಣ ತಾಣದ ಒಡೆಯನಿಗೆ ಜಾಹೀರಾತು ತಂದುಕೊಡುವ ಏಜೆಂಟನಾಗಲಿ, ದರ ಕುದುರಿಸುವ ಬಲವಾಗಲಿ ಇರಲಿಲ್ಲ. ಪುಟದ ಮಾತುಗಳನ್ನು ಯಂತ್ರವೇ ಓದಿಕೊಂಡು, ಅವಕ್ಕೆ ಹೊಂದುವ ಜಾಹೀರಾತನ್ನು ಹರಾಜಿನಲ್ಲಿ ಆರಿಸಿ, ಬಂದ ಹಣದಲ್ಲಿ ಸುಮಾರು ಶೇಕಡಾ 68ರಷ್ಟನ್ನು ಒಡೆಯನಿಗೆ ಒಪ್ಪಿಸತಕ್ಕ ಈ ವ್ಯವಸ್ಥೆ ಅಂಥವನಿಗೆ ಮೊದಲ ಬಾರಿಗೆ ಬಾಗಿಲು ತೆರೆಯಿತು. ಮಾವಿನ ತಳಿಗಳನ್ನು ಕುರಿತು ಶ್ರದ್ಧೆಯಿಂದ ಬರೆದವನ ಪುಟದ ಅಂಚಿನಲ್ಲಿ ಸಸಿ ಮಾರುವವನ ಪ್ರಕಟಣೆ ಕಾಣಿಸಿಕೊಂಡರೆ ಅದರಲ್ಲಿ ನಮ್ಮ ಆಲಂಕಾರಿಕರು ಔಚಿತ್ಯವೆಂದುದಕ್ಕೆ ಸಮೀಪವಾದುದೊಂದು ಗುಣವಿದ್ದೇ ಇದೆ. ಬರೆಹಕ್ಕೂ ಗಳಿಕೆಗೂ ನಡುವೆ ಒಂದು ತಂತುವಾದರೂ ಇದೆ. ಆದರೆ 2009ರಲ್ಲಿ, ಓದುಗನು ಹಿಂದೆ ಯಾವ ಯಾವ ತಾಣಗಳಿಗೆ ಹೋಗಿದ್ದನೆಂಬುದನ್ನು ಗುರುತಿಟ್ಟುಕೊಂಡು ಅವನ ಆಸಕ್ತಿಗೆ ತಕ್ಕ ಜಾಹೀರಾತನ್ನು ಒಡ್ಡುವ ಪದ್ಧತಿ ಇದೇ ಏರ್ಪಾಡಿನೊಳಗೆ ಬಂದಿತು. ಅಲ್ಲಿಂದ ಮುಂದೆ ಜಾಹೀರಾತು ಪುಟವನ್ನು ನೋಡುವುದಕ್ಕಿಂತ ಹೆಚ್ಚಾಗಿ ಓದುಗನನ್ನು ನೋಡತೊಡಗಿತು. ಮಾವಿನ ಲೇಖನದ ಪಕ್ಕದಲ್ಲಿ ಸಾಲದ ಪ್ರಕಟಣೆ, ವಚನವೊಂದರ ವ್ಯಾಖ್ಯಾನದ ನಡುವೆ ನಿನ್ನೆ ಹುಡುಕಿದ ಪಾದರಕ್ಷೆಯ ಚಿತ್ರ! ಪುಟದ ಗುಣ ಗಳಿಕೆಯ ಲೆಕ್ಕದಲ್ಲಿ ಹಿಂದೆ ಸರಿದು, ಓದುಗನು ಪುಟದಲ್ಲಿ ತಂಗಿರುವ ಕಾಲವೇ ಮುಖ್ಯವಾಯಿತು.

ಇದರ ಪರಿಣಾಮವನ್ನು ಕಾಣಬೇಕಾದರೆ ಕನ್ನಡದಲ್ಲಿ ಇಂದು ಅತ್ಯಂತ ಸಾಮಾನ್ಯವಾಗಿರುವ ಪುಟದ ಬಗೆಯೊಂದನ್ನು ಸಾವಕಾಶವಾಗಿ ಓದಬೇಕು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಈ ತಿಂಗಳು ಎಂದು ಬರುವುದೆಂಬುದನ್ನು ತಿಳಿಯಲು ಗೃಹಿಣಿಯೊಬ್ಬಳು ಮೊಬೈಲಿನಲ್ಲಿ ಹುಡುಕುತ್ತಾಳೆ. ‘ಗೃಹಲಕ್ಷ್ಮಿ ಹಣ ಈ ದಿನ ಜಮಾ! ಇಲ್ಲಿದೆ ಸಂಪೂರ್ಣ ಮಾಹಿತಿ’ ಎಂಬ ಧಾಟಿಯ ತಲೆಬರಹ ಆಕೆಯನ್ನು ಒಳಕ್ಕೆ ಕರೆಯುತ್ತದೆ. ಮೊದಲ ಕಂಡಿಕೆ ‘ಎಲ್ಲರಿಗೂ ನಮಸ್ಕಾರ’ ಎಂದು ಆರಂಭವಾಗಿ, ಆಕೆ ಕೇಳಿದ ಪ್ರಶ್ನೆಯನ್ನೇ ಆಕೆಗೆ ಮರಳಿಸಿ, ‘ಲೇಖನವನ್ನು ಕೊನೆಯವರೆಗೂ ಓದಿ’ ಎಂದು ಕೇಳಿಕೊಳ್ಳುತ್ತದೆ. ಒಂದು ಜಾಹೀರಾತು. ಅನಂತರ ‘ಗೃಹಲಕ್ಷ್ಮಿ ಯೋಜನೆ ಎಂದರೇನು?’ ಎಂಬ ಉಪಶೀರ್ಷಿಕೆ. ಆ ಯೋಜನೆಯ ಹಣವನ್ನು ತಿಂಗಳುಗಟ್ಟಲೆ ಪಡೆದ ಹೆಂಗಸಿಗೆ ಅದನ್ನು ವಿವರಿಸಲಾಗುತ್ತದೆ. ಮತ್ತೊಂದು ಜಾಹೀರಾತು. ಬಳಿಕ ಅರ್ಹತೆಗಳು, ಬೇಕಾದ ದಾಖಲೆಗಳು, ಇನ್ನೊಂದು ಜಾಹೀರಾತು. ಕಟ್ಟಕಡೆಗೆ, ಹಣವು ‘ಶೀಘ್ರದಲ್ಲೇ ಜಮಾ ಆಗುವ ಸಾಧ್ಯತೆ ಇದೆ’ ಎಂಬ ವಾಕ್ಯ, ಮತ್ತು ವಾಟ್ಸಾಪ್ ಗುಂಪಿಗೆ ಸೇರಲು ಆಹ್ವಾನ.

ಈ ಕೊನೆಯ ವಾಕ್ಯವನ್ನು ಗಮನಿಸಬೇಕು. ಅದು ಎಂದಿಗೂ ಸುಳ್ಳಾಗಲಾರದು. ಯಾವ ತಿಂಗಳು ಓದಿದರೂ ಅಷ್ಟೇ ಸತ್ಯ, ಅಷ್ಟೇ ನಿರರ್ಥಕ. ತಲೆಬರಹದಲ್ಲಿ ಉದ್ಗಾರಚಿಹ್ನೆಯೊಡನೆ ನಿಶ್ಚಯವಾಗಿದ್ದುದು ಬುಡಕ್ಕೆ ಬರುವ ವೇಳೆಗೆ ಸಾಧ್ಯತೆಯಾಗಿ ಕರಗಿರುತ್ತದೆ, ಮತ್ತು ಆ ಎರಡರ ನಡುವಣ ಅಂತರದಲ್ಲಿಯೇ ತಾಣದ ಗಳಿಕೆ ಅಡಗಿದೆ. ‘ಕೊನೆಯವರೆಗೂ ಓದಿ’ ಎಂಬ ಪ್ರಾರ್ಥನೆಯೂ ಹಾಗೆಯೇ: ಓದಿಸಿಕೊಂಡು ಹೋಗುವ ಶಕ್ತಿ ವಾಕ್ಯಕ್ಕಿದ್ದರೆ ಆ ಪ್ರಾರ್ಥನೆಯ ಅಗತ್ಯವೇ ಬೀಳದು. ವಿಳಂಬವೂ ಒಂದು ಕಲೆಯಲ್ಲವೇ ಎಂದು ಕೇಳಬಹುದು. ಹೌದು, ಆಲಾಪನೆ ಕೃತಿಯನ್ನು ತಡಮಾಡುತ್ತದೆ, ಆದರೆ ಅದರ ಒಂದೊಂದು ಸಂಚಾರವೂ ರಾಗದ ಒಂದೊಂದು ಮುಖವನ್ನು ತೋರಿಸುತ್ತದೆ. ಇಲ್ಲಿಯ ವಿಳಂಬ ಏನನ್ನೂ ತೋರಿಸುವುದಿಲ್ಲ, ಹಿಡಿದಿರಿಸುತ್ತದೆ, ಅಷ್ಟೇ. ಹಿಡಿದಿರಿಸುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಸಾಧಾರಣ ಗಾತ್ರದ ಜಾಹೀರಾತಿನ ಅರ್ಧಭಾಗ ಒಂದು ಸೆಕೆಂಡು ಕಾಲ ಪರದೆಯ ಮೇಲೆ ನಿಂತರೆ ಅದು ನೋಟಕ್ಕೆ ದೊರೆತಂತೆ ಎಂಬುದು ಅಮೆರಿಕದ ಮೀಡಿಯಾ ರೇಟಿಂಗ್ ಕೌನ್ಸಿಲ್ 2014ರಲ್ಲಿ ನೆಲೆಗೊಳಿಸಿದ, ಉದ್ಯಮವೆಲ್ಲ ಅನುಸರಿಸುವ ಅಳತೆ. 2024ರಿಂದ ಆಡ್‌ಸೆನ್ಸ್ ಕೂಡ ಮುಖ್ಯವಾಗಿ ಕ್ಲಿಕ್ಕಿನ ಮೇಲೆ ಹಣ ಕೊಡುವುದನ್ನು ಬಿಟ್ಟು, ಪ್ರದರ್ಶನದ ಲೆಕ್ಕದ ಮೇಲೆ ಕೊಡತೊಡಗಿತು. ಉತ್ತರವನ್ನು ಮೊದಲ ಸಾಲಿನಲ್ಲಿ ಹೇಳಿಬಿಡುವ ಪ್ರಾಮಾಣಿಕ ಲೇಖಕನು ಈ ಅಳತೆಯಲ್ಲಿ ನಷ್ಟ ಹೊಂದುತ್ತಾನೆ. ಹೇಳದೆ ಅಲೆದಾಡಿಸುವವನು ಲಾಭ ಹೊಂದುತ್ತಾನೆ. ಒಂದು ಗದ್ಯಪ್ರಕಾರವನ್ನು ಕೆಡಿಸುವುದಕ್ಕೆ ಇದಕ್ಕಿಂತ ನೇರವಾದ ಉಪಾಯವನ್ನು ನಾನು ಕಾಣೆ.

ಇಲ್ಲಿ ಇಬ್ಬಗೆಯ ವಿಮರ್ಶಕರೊಡನೆ ನನಗೆ ಜಗಳವುಂಟು. ವೃತ್ತಪತ್ರಿಕೆಗಳು ತಲೆತಲಾಂತರದಿಂದ ಜಾಹೀರಾತಿನ ಹಣದಿಂದಲೇ ಬದುಕಿಲ್ಲವೇ, ಜಾಲತಾಣವನ್ನು ಮಾತ್ರ ಏಕೆ ದೂರಬೇಕು ಎಂದು ಮೊದಲಿನವರು ಕೇಳುತ್ತಾರೆ. ಈ ಹೋಲಿಕೆ ಮೇಲ್ನೋಟದ್ದು. ಪತ್ರಿಕೆಯಲ್ಲಿ ಜಾಹೀರಾತು ವಿಭಾಗ ಬೇರೆ, ಸಂಪಾದಕೀಯ ವಿಭಾಗ ಬೇರೆ. ಇವುಗಳ ನಡುವಣ ಗೋಡೆ ಎಷ್ಟೋ ಕಡೆ ಬಿರುಕುಬಿಟ್ಟಿದ್ದರೂ ಅಂಥದೊಂದು ಗೋಡೆ ಇರಬೇಕೆಂಬ ಧರ್ಮಬುದ್ಧಿಯಾದರೂ ಉಳಿದಿತ್ತು. ವರದಿಗಾರನು ತಾನು ಬರೆದ ಎಷ್ಟನೆಯ ಸಾಲಿನಲ್ಲಿ ಓದುಗನ ಕಣ್ಣು ಎಷ್ಟು ಹೊತ್ತು ನಿಂತಿತೆಂಬ ಲೆಕ್ಕವನ್ನು ಸಂಜೆಗೆ ನೋಡಿ ಮರುದಿನದ ವಾಕ್ಯವನ್ನು ಅದಕ್ಕೆ ತಕ್ಕಂತೆ ಎಳೆಯುತ್ತಿರಲಿಲ್ಲ. ಜಾಲತಾಣದಲ್ಲಿ ಬರೆಯುವವನೂ ಜಾಹೀರಾತಿನ ಸ್ಥಳ ಮಾರುವವನೂ ಒಬ್ಬನೇ ಆದುದರಿಂದ ಗೋಡೆಯ ಪ್ರಶ್ನೆಯೇ ಏಳದು. ಅಲ್ಲದೆ ಈ ವಿಮರ್ಶಕರು ಕನ್ನಡದ ಪತ್ರಿಕಾಚರಿತ್ರೆಯ ಒಂದು ದೊಡ್ಡ ನಿದರ್ಶನವನ್ನು ಮರೆತಿದ್ದಾರೆ. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನು ದೂರವಿಟ್ಟು, ಕೊಂಡು ಓದುವವರ ಹಣದಿಂದಲೇ ನಿಂತಿತು. ಅಲ್ಲಿಯ ಗದ್ಯದಲ್ಲಿ ಕಾಣುವ ಬಿರುಸಿಗೂ, ವಿಷಯವನ್ನು ನೆಟ್ಟಗೆ ಎದುರಿಗಿಡುವ ರೀತಿಗೂ, ಈ ಆರ್ಥಿಕ ನಿಲುವಿಗೂ ಸಂಬಂಧವಿಲ್ಲವೆಂದು ಯಾರು ತಾನೆ ಹೇಳಬಲ್ಲರು?

ಎರಡನೆಯವರ ವಾದ ಇನ್ನೂ ಜನಪ್ರಿಯ. ದೋಷವಿರುವುದು ಪದ್ಧತಿಯಲ್ಲಲ್ಲ, ಕನ್ನಡಕ್ಕೆ ದೊರೆಯುವ ಅಲ್ಪ ದರದಲ್ಲಿ. ದರ ಏರಿದರೆ ಗುಣವೂ ಏರುವುದು ಎಂದು ಅವರ ಮತ. ಕನ್ನಡಕ್ಕೆ ಅನ್ಯಾಯವಾಗಿರುವುದು ನಿಜ. 2014ರಲ್ಲಿಯೇ ಹಿಂದಿಯನ್ನು ಮನ್ನಿಸಿದ ಆಡ್‌ಸೆನ್ಸ್ ನಮ್ಮ ಭಾಷೆಯನ್ನು ಸೇರಿಸಿಕೊಳ್ಳಲು ಅನೇಕ ವರ್ಷ ತೆಗೆದುಕೊಂಡಿತು. 100 ಡಾಲರ್ ಕೂಡುವವರೆಗೆ ಹಣ ಕೈಗೆ ಬಾರದು. ಸಾವಿರ ಪ್ರದರ್ಶನಕ್ಕೆ ಅರ್ಧ ಡಾಲರ್ ದೊರೆಯುವುದೆಂದು ಇಟ್ಟುಕೊಂಡರೂ ಆ ಗೆರೆಯನ್ನು ಮುಟ್ಟಲು 2 ಲಕ್ಷ ಪ್ರದರ್ಶನ ಬೇಕು. ಹಳಗನ್ನಡ ಛಂದಸ್ಸನ್ನು ಕುರಿತು ಬರೆಯುವವನಿಗೆ ಇದು ಎಂದಿಗೆ ಕೈಗೂಡೀತು? ಆದರೂ ಈ ವಾದವನ್ನು ನಾನು ಒಪ್ಪಲಾರೆ. ಇಂಗ್ಲಿಷಿನಲ್ಲಿ ದರ ಬಹಳ ಹೆಚ್ಚು. ಅಲ್ಲಿಯ ಅಡುಗೆಯ ಪುಟಗಳನ್ನು ತೆರೆದು ನೋಡಬಹುದು. ಅಜ್ಜಿಯ ನೆನಪು, ಬೇಸಗೆಯ ಪ್ರವಾಸ, ಮಕ್ಕಳ ಮೆಚ್ಚುಗೆ, ಇವುಗಳ ನಡುನಡುವೆ ಜಾಹೀರಾತು, ಇಷ್ಟನ್ನೂ ದಾಟಿದ ಮೇಲೆ ಬೇಕಾದ ಸಾಮಗ್ರಿಯ ಪಟ್ಟಿ ಸಿಕ್ಕುತ್ತದೆ. ಹೆಚ್ಚಿನ ಹಣ ಆ ಗದ್ಯವನ್ನು ತಿದ್ದಲಿಲ್ಲ, ಇನ್ನಷ್ಟು ಉದ್ದಮಾಡಿತು.

2025ರ ಏಪ್ರಿಲಿನಲ್ಲಿ ವರ್ಜೀನಿಯಾದ ಫೆಡರಲ್ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ ಅವರು, ಪ್ರಕಾಶಕರ ಜಾಹೀರಾತು ಸರ್ವರುಗಳ ಮತ್ತು ಜಾಹೀರಾತು ವಿನಿಮಯ ಕೇಂದ್ರಗಳ ಮಾರುಕಟ್ಟೆಗಳಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯವನ್ನು ಸ್ಥಾಪಿಸಿಕೊಂಡಿದೆಯೆಂದು ತೀರ್ಪಿತ್ತುದನ್ನು ನಮ್ಮ ತಾಣಗಳ ಒಡೆಯರು ಸಂತೋಷದಿಂದ ಸ್ವಾಗತಿಸಿದರೆ ಅದು ಸಹಜವೇ. ಆ ತೀರ್ಪಿನಿಂದ ದಲ್ಲಾಳಿಯ ಪಾಲು ಕುಗ್ಗಬಹುದು, ಒಡೆಯನ ಪಾಲು ಹಿಗ್ಗಬಹುದು. ಗೃಹಲಕ್ಷ್ಮಿಯ ಹಣ ಬಂದಿತೇ ಎಂದು ಹುಡುಕುವ ಹೆಂಗಸು ಮಾತ್ರ ಪುಟದ ಬುಡದವರೆಗೆ ಬೆರಳು ಜಾರಿಸುತ್ತಲೇ ಇರಬೇಕಾದೀತು; ಏಕೆಂದರೆ ಆ ನ್ಯಾಯಾಲಯದಲ್ಲಿ ನಡೆದ ವ್ಯಾಜ್ಯ ಹಣದ ಹಂಚಿಕೆಗೂ ಪೈಪೋಟಿಗೂ ಸಂಬಂಧಿಸಿದುದೇ ಹೊರತು, ಓದುವವಳನ್ನು ಕಾಯಿಸಿದ ಸೆಕೆಂಡಿಗೆ ಬೆಲೆ ಕಟ್ಟುವ ಅಳತೆಗೋಲಿಗೆ ಸಂಬಂಧಿಸಿದುದಲ್ಲ.