ಸಮೀಕ್ಷೆಯ ಅಂತರ ಎಷ್ಟು ದೊಡ್ಡದು?

‘ಹೆಂಡತಿಯು ಯಾವಾಗಲೂ ಗಂಡನಿಗೆ ವಿಧೇಯಳಾಗಿರಬೇಕು’ ಎಂಬ ಮಾತನ್ನು ನೀವು ಒಪ್ಪುವಿರಾ? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2019ರ ಕೊನೆಯಿಂದ 2020ರ ಆರಂಭದವರೆಗೆ ನಮ್ಮ ದೇಶದ 29,999 ವಯಸ್ಕರನ್ನು ಮುಖತಃ ಸಂದರ್ಶಿಸಿದಾಗ ಈ ಪ್ರಶ್ನೆಯನ್ನೂ ಕೇಳಿತ್ತು. 2022ರಲ್ಲಿ ಪ್ರಕಟವಾದ ವರದಿಯಂತೆ ‘ಸಂಪೂರ್ಣವಾಗಿ ಒಪ್ಪುತ್ತೇವೆ’ ಎಂದವರು ಪುರುಷರಲ್ಲಿ ಶೇ. 67, ಸ್ತ್ರೀಯರಲ್ಲಿ ಶೇ. 61.

ಇಂತಹ ಅಂತರವನ್ನು ಪರಿಶೀಲಿಸಲು ನಮ್ಮ ಕಾಲೇಜುಗಳ ಸಂಶೋಧನಾ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊರೆಹೋಗುವುದು ಕಾರ್ಲ್ ಪಿಯರ್‌ಸನ್ 1900ರಲ್ಲಿ ರೂಪಿಸಿದ ಕಾಯ್-ಸ್ಕ್ವೇರ್ ಪರೀಕ್ಷೆಗೆ. ಸ್ತ್ರೀಪುರುಷರ ಮನೋಭಾವ ಒಂದೇ ಆಗಿದ್ದರೆ ಎಷ್ಟು ಮಂದಿ ಒಪ್ಪಬೇಕಿತ್ತೆಂದು ಲೆಕ್ಕ ಹಾಕಿ, ನಿಜವಾಗಿ ಬಂದ ಉತ್ತರಗಳು ಅದರಿಂದ ಎಷ್ಟು ದೂರ ಸರಿದಿವೆಯೆಂದು ಅದು ಅಳೆಯುತ್ತದೆ. ಎರಡು ಗುಂಪು, ಎರಡು ಉತ್ತರಗಳಿರುವಲ್ಲಿ ಮೊತ್ತವು 3.84ನ್ನು ಮೀರಿದರೆ ಅಂತರವು ಆಕಸ್ಮಿಕವಲ್ಲವೆಂದು ತೀರ್ಮಾನಿಸುವುದು ರೂಢಿ.

ಆದರೆ ನೂರು ಪುರುಷರು, ನೂರು ಸ್ತ್ರೀಯರಲ್ಲಿ ಇದೇ 67 ಮತ್ತು 61 ಬಂದಿತೆನ್ನಿ. ಮೊತ್ತ ಬರೀ 0.78. ಅಂತರವಿದೆಯೆನ್ನಲು ಆಧಾರ ಸಾಲದು. ಅದೇ ಪ್ರಮಾಣವು ತಲಾ 15,000 ಮಂದಿಯಲ್ಲಿ ಕಂಡರೆ ಮೊತ್ತ 117ಕ್ಕೇರುತ್ತದೆ! ಮನಸ್ಸುಗಳು ಬದಲಾಗಲಿಲ್ಲ, ತಲೆಗಳ ಎಣಿಕೆ ಮಾತ್ರ ಬೆಳೆಯಿತು. ಆಯ್ದ ಊರುಗಳ ಮನೆಗಳಿಗೆ ಹೋಗಿ ನಡೆಸುವ ಸಮೀಕ್ಷೆಗಳಲ್ಲಿ ನೆರೆಹೊರೆಯವರ ಉತ್ತರಗಳು ಒಂದನ್ನೊಂದು ಹೋಲುವುದರಿಂದ ಈ ಸರಳ ಲೆಕ್ಕಕ್ಕೆ ತಿದ್ದುಪಡಿಯೂ ಬೇಕು. ಇದಾವುದನ್ನೂ ಗಮನಿಸದೆ ‘ಗಣನೀಯ ಲಿಂಗಭೇದ ಸಾಬೀತಾಯಿತು’ ಎಂದು ಬರೆಯುವ ಪ್ರಬಂಧಗಳ ಬಗ್ಗೆ ನನಗೆ ತಕರಾರಿದೆ. ಪ್ಯೂ ವರದಿಯನ್ನು ಬರೆದವರು, ಅವರ ಪುಣ್ಯ, ಸ್ತ್ರೀಯರ ಪ್ರಮಾಣ ತುಸುವೇ ಕಡಿಮೆಯೆಂದು ಸ್ಪಷ್ಟವಾಗಿ ಹೇಳಿದ್ದಾರೆ.

ಆ ಆರರ ಅಂತರಕ್ಕಿಂತ ನನ್ನನ್ನು ಕಾಡುವುದು ಅರವತ್ತೊಂದು ಎಂಬ ಸಂಖ್ಯೆ. ನೂರರಲ್ಲಿ ಅರವತ್ತೊಂದು ಸ್ತ್ರೀಯರು ಮನಸಾರೆ ಹಾಗೆಂದರೋ, ಪಡಸಾಲೆಯಲ್ಲಿ ಅತ್ತೆ ಕುಳಿತಿದ್ದರೆಂದು ಹಾಗೆಂದರೋ? ಕಾಯ್-ಸ್ಕ್ವೇರ್ ಅದನ್ನು ಕೇಳುವುದಿಲ್ಲ. ಇನ್ನೊಂದು ಮಾತೂ ಅದರ ಪಟ್ಟಿಯಲ್ಲಿ ಕಾಣಸಿಗದು. ‘ಬಹುಮಟ್ಟಿಗೆ’ ಒಪ್ಪುವವರನ್ನೂ ಸೇರಿಸಿದರೆ ಈ ವಿಧೇಯತೆಯನ್ನು ಎತ್ತಿಹಿಡಿದ ಭಾರತೀಯರು ಶೇ. 87. ರಾಜಕೀಯ ನಾಯಕತ್ವದಲ್ಲಿ ಸ್ತ್ರೀಪುರುಷರು ಸಮಾನ ಸಮರ್ಥರು ಎಂದವರು ಅದೇ ಸಮೀಕ್ಷೆಯಲ್ಲಿ ಶೇ. 55. ಕೂಡಿಸಿ ನೋಡಿ: ನೂರರಲ್ಲಿ ಕನಿಷ್ಠ 42 ಮಂದಿ ಎರಡಕ್ಕೂ ಹೌದೆಂದಿರಲೇಬೇಕು. ಹೊರಗೆ ನಾಯಕಿ, ಮನೆಯೊಳಗೆ ವಿಧೇಯೆ. ಈ ಬಿರುಕು ಗಂಡು ಹೆಣ್ಣುಗಳ ನಡುವಿನದಲ್ಲ, ಒಬ್ಬೊಬ್ಬರ ಒಳಗಿನದು.